ಹೆಣ್ಣುನಾಯಿಯ ಈಜು

ಎಪ್ಪತ್ತರ ದಶಕದಲ್ಲಿ ಶ್ರೀರಾಂಪುರದ ಕಡೆ ನಮ್ಮದು ಕುರಿ ಸಾಕುವ ಮನೆ. ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ಕೆರೆಗಿಳಿಸಿ ತೊಳೆಯುತ್ತಿದ್ದರು. ಆ ದಿನ ಎಲ್ಲರಿಗಿಂತ ಮೊದಲು ಏರಿಯ ಮೇಲಿಂದ ನೀರಿಗೆ ಹಾರುತ್ತಿದ್ದುದು ನಮ್ಮ ಹೆಣ್ಣುನಾಯಿ.

“ಹೆಣ್ಣಾದ್ರೂ ಎಂಥ ಧೈರ್ಯ ನೋಡ್ರಿ,” ಎಂದು ಅಪ್ಪ ಬಂದವರಿಗೆಲ್ಲ ತೋರಿಸುತ್ತಿದ್ದ.

“ನಂಗೂ ಈಜು ಕಲ್ಸಪ್ಪ,” ಎಂದೆ.

“ಹೆಣ್ಮಕ್ಳು ಕೆರೆಗಿಳಿದ್ರೆ ಜನ ಏನಂತಾರೆ? ಬುತ್ತಿ ಬಿಚ್ಚು ಹೋಗು.”

ಜನರ ಮಾತಿಗೆ ಅಂಜಿದ ಅಪ್ಪನಿಗೆ ಬುತ್ತಿ ಬಿಚ್ಚಿ ಕೊಟ್ಟೆ.

ಮರುವರ್ಷ ಅದೇ ಕೆರೆಯಲ್ಲಿ ಕಂಬಳಿ ಒಗೆಯುವಾಗ ತಂಗಿ ಕಾಲು ಜಾರಿ ಮುಳುಗಿದಳು. ನಾನು ದಡದಲ್ಲಿ ನಿಂತು ಕೂಗಿದೆ. ನಾಯಿ ನೀರಿಗೆ ಹಾರಿ, ಅವಳ ಲಂಗದ ಚೂರೊಂದನ್ನು ಕಚ್ಚಿಕೊಂಡು ಬಂತು.

ಹೆಣ ತೆಗೆದ ಮೇಲೆ ಅಪ್ಪ ನಾಯಿಗೆ ದೊಣ್ಣೆಯಿಂದ ಬಡಿದ. “ಈಜು ಬರ್ತಿತ್ತಲ್ಲ ನಿಂಗೆ,” ಅನ್ನುತ್ತಲೇ ಬಡಿದ.