ನಿಲ್ಲದ ಬಸ್ಸಿನ ಲೆಕ್ಕ

ನಾನು ಹುಟ್ಟಿದ್ದು ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ, ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ. ಅವ್ವ ಕಾಫಿಹಣ್ಣು ಕೊಯ್ಯುವ ಪಿಕ್ಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಬಂಗಲೆಯ ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿಯಿತ್ತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ದಿನಾ ಬೆಳಿಗ್ಗೆ ಅದನ್ನು ನೋಡಿ ಇಷ್ಟು ಇಂಚು, ಇಷ್ಟು ಸೆಂಟು ಮಳೆ ಎಂದು ಪುಸ್ತಕದಲ್ಲಿ ಬರೆಯುತ್ತಿದ್ದರು. ಈ ಸಲ ಮಳೆಯೇ ಇಲ್ಲ ಎಂದು ಯಾರಾದರೂ ಗೊಣಗಿದರೆ ಆ ಪುಸ್ತಕ ತೆಗೆದು ಬಾಯಿ ಮುಚ್ಚಿಸುತ್ತಿದ್ದರು. ನನಗೆ ಕಥೆಪುಸ್ತಕಕ್ಕಿಂತ ಅದರ ಮೇಲೆಯೇ ಆಸೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಕಾಲೇಜು ಸೇರಿದೆ. ಅಲ್ಲಿ ವಿದ್ಯಾರ್ಥಿಗಳೇ ಕೈಯಲ್ಲಿ ಬರೆದು ಗೋಡೆಗೆ ಅಂಟಿಸುವ ಪತ್ರಿಕೆಯೊಂದಿತ್ತು. ಎಲ್ಲರೂ ಮಂಜು, ಬೆಟ್ಟ, ಕಾವೇರಿ ಎಂದು ಕವಿತೆ ಬರೆಯುವವರೇ. ಮಂಜಿನಲ್ಲಿ ನಿಂತು ಬಸ್ಸಿಗೆ ಕಾಯುವವಳಿಗೆ ಕವಿತೆ ಹುಟ್ಟುವುದಿಲ್ಲ, ಸಿಟ್ಟು ಹುಟ್ಟುತ್ತದೆ.

ಬೆಳಗಿನ ಬಸ್ಸು ನಮ್ಮ ಲೈನಿನ ಎದುರಿನ ಮೋರಿಯ ಹತ್ತಿರ ಮನಸ್ಸಾದರೆ ನಿಲ್ಲುತ್ತಿತ್ತು. ನಿಲ್ಲದ ದಿನ ಮುಂದಿನ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಮೊದಲ ಪೀರಿಯಡ್ ಮುಗಿದಿರುತ್ತಿತ್ತು. ಹೀಗೇ ಹಾಜರಿ ಕಡಿಮೆಯಾಯಿತು. ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಪ್ರಿನ್ಸಿಪಾಲರು ಕರೆದು ಹೇಳಿದರು. "ಲೈನಿನವರಿಗೆ ಬೇಗ ಏಳೋ ಅಭ್ಯಾಸ ಇಲ್ಲ" ಎಂದೂ ಸೇರಿಸಿದರು. ನನ್ನ ಅವ್ವ ಕೋಳಿ ಕೂಗುವ ಮುಂಚೆ ಎದ್ದು ಒಲೆ ಹಚ್ಚುವವಳು. ಮೈಯೆಲ್ಲ ಉರಿದುಹೋಯಿತು.

ಮರುದಿನದಿಂದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆಯತೊಡಗಿದೆ: ತಾರೀಕು, ಬಸ್ಸು ಬಂದ ಹೊತ್ತು, ನಿಂತಿತೋ ಇಲ್ಲವೋ, ಸೀಟು ಖಾಲಿಯಿತ್ತೋ ಇಲ್ಲವೋ.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?" ಎಂದು ಅವ್ವ ನಕ್ಕಳು.

"ಕನ್ನಡಿ ನಮ್ಗಲ್ಲವ್ವ, ಅವ್ರಿಗೆ" ಎಂದೆ.

ಇಪ್ಪತ್ತು ದಿನದಲ್ಲಿ ಹನ್ನೊಂದು ದಿನ ಬಸ್ಸು ನಿಲ್ಲಲಿಲ್ಲ. ಆ ಹನ್ನೊಂದರಲ್ಲಿ ಎಂಟು ದಿನ ಖಾಲಿ ಸೀಟು ನನ್ನ ಕಣ್ಣಿಗೇ ಕಂಡಿತ್ತು. ಅಷ್ಟನ್ನೇ, ಬೈಗುಳ ಬೆರೆಸದೆ, ಗೋಡೆಗೆ ಅಂಟಿಸಿದೆ.

ಪ್ರಿನ್ಸಿಪಾಲರು ಕಿತ್ತುಹಾಕು ಎಂದರು. "ಸುಳ್ಳಾದ್ರೆ ಕೀಳ್ತೀನಿ ಸಾರ್. ಯಾರನ್ನಾದ್ರೂ ಕಳ್ಸಿ ನೋಡಿ" ಎಂದೆ. ಸುಂಟಿಕೊಪ್ಪದಲ್ಲೇ ಮನೆಯಿದ್ದ ಗಣಿತದ ಮೇಷ್ಟ್ರನ್ನು ಕಳಿಸುವುದೆಂದಾಯಿತು. ನನ್ನ ಲೆಕ್ಕ ನಿಜವಾದರೆ ಪರೀಕ್ಷೆಗೆ ಕೂರಬಹುದು, ಸುಳ್ಳಾದರೆ ಇಲ್ಲ.

ಮಾರನೆಯ ಬೆಳಿಗ್ಗೆ ಮೇಷ್ಟ್ರು ಕೋಟು ತೊಟ್ಟು, ಮಫ್ಲರ್ ಸುತ್ತಿ, ಮೋರಿಯ ಹತ್ತಿರ ನನ್ನ ಪಕ್ಕ ಬಂದು ನಿಂತರು. ಕೈ ಎತ್ತುವ ಮೊದಲೇ ಬಸ್ಸು ನಿಂತಿತು. ಕಂಡಕ್ಟರ್ ಬಾಗಿಲು ತೆರೆದು "ಬನ್ನಿ ಸಾರ್, ಬನ್ನಿ" ಎಂದ. ಮೇಷ್ಟ್ರು ನನ್ನ ಕಡೆ ತಿರುಗಿದರು. "ನಿಲ್ತಲ್ಲಮ್ಮ."

ನಾನು ಹತ್ತಲಿಲ್ಲ. ಕೆಳಗೇ ನಿಂತು ಗಟ್ಟಿಯಾಗಿ ಕೇಳಿದೆ: "ಕಂಡಕ್ಟ್ರೇ, ನಿನ್ನೆ ಇದೇ ಜಾಗದಲ್ಲಿ ಕೈ ತೋರ್ಸಿದ್ದೆ. ಸೀಟೂ ಇತ್ತು. ಯಾಕೆ ನಿಲ್ಸಿಲ್ಲ?"

"ನಿನ್ನೆ ನಿನ್ನೊಟ್ಟಿಗೆ ಸಾರ್ ಎಲ್ಲಿದ್ರು? ಲೈನಿನವ್ರಿಗೆಲ್ಲ ನಿಲ್ಸ್ತಾ ಹೋದ್ರೆ ಬಸ್ಸು ಊರು ಸೇರೋದು ಯಾವಾಗ? ಹತ್ತು ಬೇಗ!"

ಬಸ್ಸಿನವರೆಲ್ಲ ಕೇಳಿಸಿಕೊಂಡರು. ಮೇಷ್ಟ್ರೂ ಕೇಳಿಸಿಕೊಂಡರು. ಒಳಗೆ ಹೋಗಿ ಕೂತ ಮೇಲೆ ನೋಟ್‌ಬುಕ್ಕನ್ನು ಅವರ ಕೈಗೆ ಕೊಟ್ಟು, ಪೆನ್ಸಿಲನ್ನೂ ಕೊಟ್ಟೆ.

"ಇವತ್ತಿಂದು ನೀವೇ ಬರೀರಿ ಸಾರ್."

ಅವರು ನನ್ನ ಗೆರೆಗಳ ಪಕ್ಕ ಇನ್ನೊಂದು ಗೆರೆ ಎಳೆದು, ಮೇಲೆ 'ಯಾರಿಗಾಗಿ ನಿಂತಿತು' ಎಂದು ಬರೆದರು. ಅದರ ಕೆಳಗೆ ತಮ್ಮದೇ ಹೆಸರು ಬರೆದರು.

ಆ ಹಾಳೆ ಹಾಗೇ ಗೋಡೆಗೆ ಹೋಯಿತು. ನಾನು ಪರೀಕ್ಷೆಗೆ ಕೂತೆ.