ಜೋಳದ ಹೊಲದಲ್ಲಿ ಹಾಡಿದ್ದು ಯಾರು?

"ಇವು ಇಲ್ಲಿ ಹಾಡಲ್ಲ ಕಣ್ರಿ" ಅಂದರು ಸುಮತಿ. ನನಗೆ ಸಿಟ್ಟೇ ಬಂತು.

ಕಳೆದ ಭಾನುವಾರ ನಾವಿಬ್ಬರೂ ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ಬಸ್ ಹಿಡಿದು ಶಂಕರಪಲ್ಲಿ ಕಡೆ ಹೋಗಿದ್ದೆವು. ಸುಮತಿ ನನ್ನ ಸಹೋದ್ಯೋಗಿ, ಮೈಸೂರಿನವರು. ಕೊರಳಲ್ಲಿ ಬೈನಾಕ್ಯುಲರ್ ಇಲ್ಲದೆ ಅವರ ರಜೆ ಕಳೆಯುವುದಿಲ್ಲ. ರಸ್ತೆಯ ಒಂದು ಬದಿ ಜೋಳದ ಹೊಲ. ಇನ್ನೊಂದು ಬದಿ ಪ್ಲಾಟು ಹಾಕಿ, ಕಲ್ಲು ನೆಟ್ಟು, ಬಾವುಟ ಕಟ್ಟಿ ಬಿಟ್ಟ ಬಯಲು. (ಹೈದರಾಬಾದಿನಲ್ಲಿ ಇದಕ್ಕೆ 'ವೆಂಚರ್' ಅನ್ನುತ್ತಾರೆ. ಸದ್ಯಕ್ಕೆ ಅಲ್ಲಿ ಮನೆ ಮಾಡಿರುವುದು ಹುಲ್ಲು ಮಾತ್ರ.)

ತೆನೆಗಳ ಮೇಲೆ ಹಳದಿ ಹೊಟ್ಟೆಯ ಹಕ್ಕಿಗಳು. ಬ್ಲ್ಯಾಕ್ ಹೆಡೆಡ್ ಬಂಟಿಂಗ್. ಇರಾನ್, ಟರ್ಕಿ ಕಡೆಯಿಂದ ಚಳಿಗಾಲಕ್ಕೆ ನಮ್ಮಲ್ಲಿಗೆ ಬರುತ್ತವೆ. ಹೆಸರಿಗೆ ಕರಿತಲೆ, ಆದರೆ ಬಂದಾಗ ಆ ಕಪ್ಪಿನ ಮೇಲೊಂದು ಮಂಕು ಕಂದು ಮುಸುಕು. ಗರಿಗಳ ತುದಿ ಸವೆದು ಸವೆದು, ಹೊರಡುವ ಹೊತ್ತಿಗೆ ಗಂಡುಹಕ್ಕಿಯ ತಲೆ ಅಚ್ಚಗಪ್ಪು. ಊರಿಗೆ ಹೋಗುವ ಮುಂಚೆ ಡೈ ಹಚ್ಚಿಕೊಳ್ಳುವ ನಮ್ಮ ಹಾಗೆ!

ನಾನು ಹೋದದ್ದು ಅವನ್ನು ನೋಡಲು ಅಲ್ಲ, ಕೇಳಲು. ಬೀದರ್ ಕಡೆಯ ನನ್ನ ಅಜ್ಜಿಯ ಊರಿನ ಹೊಲದಲ್ಲಿ, ಚಿಕ್ಕವಳಿದ್ದಾಗ, ಈ ಹಕ್ಕಿಯ ಹಾಡು ಕೇಳಿದ್ದೆ. ನಿಧಾನಕ್ಕೆ ಶುರುವಾಗಿ, ಮೇಲೆ ಮೇಲೆ ಹೋಗಿ, ಅಲ್ಲೇ ತುಸು ನಿಂತು, ತಟ್ಟನೆ ಕೆಳಗೆ ಬೀಳುವ ದನಿ. ಪ್ರತಿ ಚಳಿಗಾಲ ಇದೇ ಹಂಬಲ: ಇನ್ನೊಂದು ಸಲ ಕೇಳಬೇಕು.

ಹಿಂಡು ಹಾರಿತು, ಜಾಲಿ ಮರದ ಮೇಲೆ ಕೂತಿತು, ಮತ್ತೆ ಹೊಲಕ್ಕಿಳಿಯಿತು. ಕೇಳಿದ್ದು ಬರೀ ಚಿಕ್, ಚಿಕ್.

"ಹಾಡೋದೆಲ್ಲ ಅವರೂರಲ್ಲಿ. ಇಲ್ಲಿಗೆ ಬರೋದು ಜೋಳ ತಿನ್ನೋಕೆ" ಅಂದರು ಸುಮತಿ.

"ನಾನು ಕೇಳಿದೀನ್ರಿ!"

ಅವರು ಫೋನಿನಲ್ಲಿ ಈ ಹಕ್ಕಿಯ ಹಾಡಿನ ರೆಕಾರ್ಡಿಂಗ್ ಹಾಕಿದರು. ಮೊದಲು ಚಿರ್ ಚಿರ್ ಎಂದು ಒರಟು, ಆಮೇಲೆ ಇಂಪು. ಚೆಂದದ ಹಾಡೇ. ನನ್ನದಲ್ಲ.

"ಹೊರಡೋ ಮುಂಚೆ ಒಂದೊಂದು ಸಲ ಸ್ವಲ್ಪ ಗುನುಗುತ್ತವಂತೆ" ಎಂದು ಸಮಾಧಾನ ಮಾಡಿದರು. ನನಗೆ ಸಮಾಧಾನ ಆಗಲಿಲ್ಲ. ನೆನಪೊಂದು ಸುಳ್ಳಾದರೆ ಉಳಿದವುಗಳ ಗತಿಯೇನು?

ಮರುದಿನ ಸಂಜೆ ಸುಲ್ತಾನ್ ಬಜಾರಿಗೆ ಹೋದೆ. ನನ್ನ ಚಿಗವ್ವ, ಅಂದರೆ ತಾಯಿಯ ತಂಗಿ, ಅಲ್ಲಿ ಸೀರೆಯ ಅಂಚಿಗೆ ಹೊಲಿಯುವ ಫಾಲು, ಲೈನಿಂಗ್ ಬಟ್ಟೆಯ ಅಂಗಡಿ ನಡೆಸುತ್ತಾಳೆ. ಮದುವೆಗೆ ಮುಂಚೆ ಅಜ್ಜಿಯ ಊರಿನ ಆ ಹೊಲದಲ್ಲಿ ಬೆಳೆಗೆ ಹಕ್ಕಿ ಎರಗದಂತೆ ಕಾಯುತ್ತಿದ್ದವಳು ಅವಳೇ. ನಾಲ್ಕು ಕಂಬದ ಅಟ್ಟದ ಮೇಲೆ ನಿಂತು, ಕವಣೆ ಬೀಸಿ ಕಲ್ಲು ಹೊಡೆಯುತ್ತಿದ್ದಳು.

"ಚಿಗವ್ವಾ, ಆ ಹಳದಿ ಹಕ್ಕಿ ಹಾಡ್ತಿದ್ವಲ್ಲ?"

"ಅವೆಲ್ಲಿ ಹಾಡ್ತಾವ? ಬಾಯಿ ತುಂಬ ಕಾಳು ಇಟ್ಕೊಂಡು ಯಾರರ ಹಾಡ್ತಾರೇನು? ಹಾಡಾಕಿ ನಾನು!"

"ನೀನಾ?"

"ಹೋ ಹೋ ಅಂತ ಚೀರಿ ಚೀರಿ ಗಂಟಲ ಹರೀತಿತ್ತು. ಅದಕ್ಕ ಹಾಡಾಕ ಹತ್ತಿದ್ದೆ. ನೀ ನನ್ನ ಶಾಲು ಹೊತ್ಕೊಂಡು ಅಟ್ಟದ ಮ್ಯಾಲ ಮಕ್ಕೊಂತಿದ್ದಿ. ಭಾಳ ನಿದ್ದಿಬಡಕಿ. ಅರ್ಧ ನಿದ್ದ್ಯಾಗ ಯಾರ ದನಿ ಅಂತ ನಿನಗೇನ ಗೊತ್ತು?"

ಇವಳ ನೆನಪನ್ನಾದರೂ ಯಾಕೆ ನಂಬಬೇಕು? ಪರೀಕ್ಷೆಗೆಂದು ನನಗೆ ನೆನಪಿದ್ದಷ್ಟು ಗುನುಗಿದೆ. ದನಿ ಮೇಲೇರಿ ನಿಂತಲ್ಲಿ ಚಿಗವ್ವನ ಬಲಗೈ ತಾನಾಗಿ ತಲೆಯ ಮೇಲೆ ಹೋಯಿತು. ದನಿ ಬಿದ್ದ ಕಡೆ ಕೈ ಬೀಸಿತು. ಕಲ್ಲು ಹಾರುವ ಜಾಗ ಅದು! ಗಾಣದಂತೆ ತಿರುಗುವ ಕವಣೆಗೆ ತಕ್ಕ ಹಾಗೆ ಕಟ್ಟಿಕೊಂಡ ಹಾಡು. ನಮ್ಮಿಬ್ಬರಲ್ಲಿ ಯಾರು ಸುಳ್ಳಾಡಿದರೂ ಆ ತೋಳು ಸುಳ್ಳಾಡಲಾರದು.

"ಒಂದ್ಸಲ ಹಾಡು, ಪೂರ್ತಿ."

"ಹುಚ್ಚಿ, ಬಜಾರದಾಗ ಯಾರನ್ನ ಓಡಸಲಿ? ಬಂದ ಗಿರಾಕೀನ?"

ಆದರೂ ಕೌಂಟರಿನ ಮೇಲಿದ್ದ ಒಂದು ಫಾಲು ಎತ್ತಿಕೊಂಡಳು. ಮಡಚಿ ಕವಣೆಯ ಹಾಗೆ ಹಿಡಿದಳು. ಕೈ ಎತ್ತಿದಳು. ಬಾಯಿ ತೆರೆದಳು. ಎಷ್ಟು ಹೊತ್ತಾದರೂ ಮೊದಲ ಪದ ಬರಲಿಲ್ಲ. ನನ್ನನ್ನೇ ನೋಡಿದಳು, ನಾನು ಹೇಳಿಕೊಡುತ್ತೇನೆ ಎಂಬಂತೆ. ನನ್ನ ಹತ್ತಿರ ಇದ್ದದ್ದು ಬರೀ ದನಿ. ಪದ ಇರಲೇ ಇಲ್ಲ.

"ಅಮ್ಮಾ, ಮೆರೂನ್ ಫಾಲ್ ಉಂದಾ?" ಒಬ್ಬ ಹೆಂಗಸು ಬಾಗಿಲಲ್ಲಿ, ಇದೆಯಾ ಎಂದು ತೆಲುಗಿನಲ್ಲಿ ಕೇಳುತ್ತ.

"ಉಂದಮ್ಮಾ, ರಾ" ಅಂದಳು ಚಿಗವ್ವ. ಕೈಯಲ್ಲಿದ್ದದ್ದೇ ಮೆರೂನ್. ಬಿಡಿಸಿ, ಸುಕ್ಕು ಸವರಿ, ಕೊಟ್ಟಳು.

ಹತ್ತಿರ ಬರಬೇಡ ಅಂತ ಹಕ್ಕಿಗೆ ಹಾಡಿದ ಹಾಡು ನನ್ನೊಬ್ಬಳನ್ನು ಮಾತ್ರ ಯಾಕೆ ಹೀಗೆ ಕರೆಯುತ್ತದೆ?