ಹೊಸ್ತಿಲಲ್ಲಿ ನಿಲ್ಲುತ್ತಿದ್ದ ಅಕ್ಕ

ಹಡಗಲಿಯಲ್ಲಿ ನಮ್ಮ ಎದುರುಮನೆಗೆ ಬಂದ ಅಕ್ಕ ಕುವೈತಿನ ಒಂದು ಮನೆಯಲ್ಲಿ ವರ್ಷಗಟ್ಟಲೆ ಅಡುಗೆ ಮಾಡಿಕೊಂಡಿದ್ದವಳು. ಅಲ್ಲಿನ ಏಸಿ, ಬಿಸಿನೀರಿನ ನಲ್ಲಿ ಎಲ್ಲವನ್ನೂ ಹೊಗಳಿ ಕೊನೆಗೆ, "ಎಲ್ಲಾ ಚಲೋ ಇತ್ರಿ, ಬಾಗಿಲೊಂದು ನಮ್ಮ ಕೈಯಾಗ ಇರಲಿಲ್ಲ," ಎನ್ನುತ್ತಿದ್ದಳು.

ಊರಿಗೆ ಬಂದ ಮೇಲೂ ಸಂತೆಗೆ ಹೊರಟರೆ ಚಪ್ಪಲಿ ಕೈಯಲ್ಲಿ ಹಿಡಿದು, ತನ್ನದೇ ಮನೆಯ ಹೊಸ್ತಿಲಲ್ಲಿ ನಿಂತು, "ಹೋಗ್ಲೇನ್ರಿ?" ಎಂದು ನನ್ನನ್ನು ಕೇಳುವಳು. ನಾನು ಹೂಂ ಅನ್ನುವವರೆಗೆ ಕಾಲು ಹೊರಗಿಡುತ್ತಿರಲಿಲ್ಲ.

"ನಿಮ್ಮ ಬಾಗಿಲು, ನಿಮ್ಮ ಕಾಲು. ನನ್ನನ್ಯಾಕ ಕೇಳ್ತೀರಿ?" ಎಂದು ರೇಗಿದ್ದೂ ಉಂಟು.

ಒಂದು ಬೆಳಿಗ್ಗೆ ನಿಲ್ದಾಣದಲ್ಲಿ, ಹೊರಡಲಿದ್ದ ಹರಪನಹಳ್ಳಿ ಬಸ್ಸಿನ ಕಿಟಕಿಯಲ್ಲಿ ಅವಳ ಮುಖ ಕಂಡಿತು. ತಲೆತುಂಬ ಮಲ್ಲಿಗೆ.

"ಯಾವೂರಿಗೆ ಅಕ್ಕಾ?"

"ಇನ್ನಾ ಗೊತ್ತು ಮಾಡಿಲ್ರಿ. ಕಂಡಕ್ಟರ್ ಬಂದಾಗ ಹೇಳ್ತೀನಿ."

ಅಭ್ಯಾಸಬಲದಿಂದ ನಾನು ಹೂಂ ಎಂದೆ. ಅಷ್ಟರಲ್ಲಿ ಬಸ್ಸು ಹೋಗಿಯಾಗಿತ್ತು.